ಕುಷ್ಟನ ಕಿವಿ

ನಾವುಂದದ ಮೆಕ್ಯಾನಿಕ್ ಕುಷ್ಟನ ಕಿವಿಯ ಬಗ್ಗೆ ಕೇಳದವರು ಕುಂದಾಪುರದಿಂದ ಬೈಂದೂರಿನವರೆಗೆ ಯಾರಾದರೂ ಇದ್ದರೆ ಅವರಿನ್ನೂ ಹುಟ್ಟಿಲ್ಲ ಎಂದೇ ಅರ್ಥ. ಬೆಳಿಗ್ಗೆ ನಲವತ್ತು ದೋಣಿಗಳು ಒಟ್ಟಿಗೆ ದಡಕ್ಕೆ ಬರುವಾಗ ಅವನು ಕಡಲಿಗೆ ಬೆನ್ನು ಹಾಕಿ ಕೂತು ಚಾ ಕುಡಿಯುತ್ತ, "ಬಡಗು ಬದಿಯಿಂದ ಏಳನೇದ್, ಅಣ್ಣಯ್ಯನ್ ದೋಣಿ. ಪಿಸ್ಟನ್ನಿನ ಮೇಲಿನ್ ರಿಂಗ್ ಹೋಯ್ತ್" ಎನ್ನುತ್ತಿದ್ದ. ಬಿಚ್ಚಿದರೆ ಹೋಗಿರುತ್ತಿತ್ತು. ಒಮ್ಮೆ ಮಧ್ಯಾಹ್ನದ ಜೊಂಪಿನಲ್ಲಿ ಮಗ್ಗುಲು ಬದಲಿಸುತ್ತ, "ಶಿರೂರ್ ಬದಿಯಲ್ ಯಾರದ್ದೋ ಕಾರ್ಬುರೇಟರಿಗ್ ನೀರ್ ಹೊಕ್ಕಿತ್" ಎಂದನಂತೆ. ಸಂಜೆಯೊಳಗೆ ಶಿರೂರಿನವನೊಬ್ಬ ಎಂಜಿನ್ ಹೊತ್ತುಕೊಂಡು ಬಂದನಂತೆ. ಯಮ ಬಂದರೂ ಕೋಣದ ಗೊರಸಿನ ಸದ್ದು ಕುಷ್ಟನಿಗೆ ಮೂರು ಊರಿನಾಚೆಯೇ ಕೇಳುತ್ತದೆ, ಅಷ್ಟರಲ್ಲಿ ಅವನು ಹೆಂಡತಿ ಸರಸಳನ್ನು ಕರೆದುಕೊಂಡು ಹಿತ್ತಿಲ ಬಾಗಿಲಿನಿಂದ ಪಾರಾಗಿರುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಜನ ಆಡಿಕೊಳ್ಳಲು ಮರೆತ ದಿನ ಕುಷ್ಟ ತಾನೇ ನೆನಪಿಸುತ್ತಿದ್ದ. ಅವನ ಶೆಡ್ಡಿಗೆ ಬೋರ್ಡಿರಲಿಲ್ಲ. ಕಿವಿಯೇ ಬೋರ್ಡು.

ಆ ಕಿವಿ ಹೋಗಿ ಮೂರು ವರ್ಷವಾಗಿತ್ತು.

ಪೂರ್ತಿ ಹೋದದ್ದಲ್ಲ. ನೀರು ತುಂಬಿದ ಡ್ರಮ್ಮಿಗೆ ದೋಣಿಯ ಸೀಮೆಎಣ್ಣೆ ಎಂಜಿನ್ನುಗಳ ಬಾಲ ಇಳಿಸಿ, ತಲೆಯನ್ನು ಅದಕ್ಕೆ ತಾಗಿಸಿಕೊಂಡು ಮೂವತ್ತು ವರ್ಷ ಕೂತವನ ಕಿವಿಯಲ್ಲಿ ಮೇಲು ಸ್ವರದ ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಸತ್ತಿದ್ದವು. ಮೊದಲು ಜೀರುಂಡೆ ಹೋಯಿತು. ಕುಷ್ಟ ಈ ವರ್ಷ ಜೀರುಂಡೆಗಳೇ ಕಡಿಮೆ ಎಂದುಕೊಂಡ. ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಸರಸಳ ಮಾತಿನ ತುದಿಗಳು. ದಪ್ಪ ಸದ್ದು ಈಗಲೂ ಕೇಳುತ್ತಿತ್ತು. ಉಳಿದದ್ದಕ್ಕೆ ಅವನು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ದವಡೆಯಲ್ಲಿ ಬಂದ ನಡುಕದಿಂದ ಅರ್ಧ ಗೊತ್ತಾಗುತ್ತಿತ್ತು, ಮಿಕ್ಕರ್ಧಕ್ಕೆ ಅನುಭವವಿತ್ತು. ಕುಷ್ಟಣ್ಣ ಈಗ ಹಲ್ಲಿನಲ್ಲೂ ಕೇಳುತ್ತಾನೆ ಎಂದು ಹೆಸರು ಇಮ್ಮಡಿಯಾಯಿತು. ಯಾರಿಗೂ ಗೊತ್ತಿಲ್ಲ ಎಂದು ಅವನು ನಂಬಿದ್ದ. ಸರಸ ಮಾತ್ರ ಈಚೆಗೆ ಏನು ಹೇಳುವುದಿದ್ದರೂ ಎದುರಿಗೆ ಬಂದು ನಿಂತು, ಹೇಳಿದ್ದನ್ನೇ ಎರಡೆರಡು ಸಲ ಹೇಳುತ್ತಿದ್ದಳು. ಪ್ರಾಯವಾಯಿತಲ್ಲ, ಇವಳಿಗೆ ಅರಳುಮರಳು ಎಂದು ಅವನು ಒಳಗೊಳಗೇ ನಕ್ಕಿದ್ದ.

ಫೆಬ್ರವರಿಯ ಒಂದು ಗುರುವಾರ ಸರಸಳ ಕೊನೆಯ ತಮ್ಮ ಮನೀಷ್ ತನ್ನ ಬೈಕು ತಂದ. ಹಗಲು ಮೀನಿನ ವ್ಯಾನು ಓಡಿಸುವ, ರಜೆಯ ದಿನ ಗದ್ದೆಯ ರೇಸುಗಳಲ್ಲಿ ಮಣ್ಣು ಹಾರಿಸುವ ಮನುಷ್ಯ. ಬೈಕು ಅವನಿಗಿಂತ ಎರಡೇ ವರ್ಷ ಚಿಕ್ಕದು. ಹಳೆಯ ಟೂ-ಸ್ಟ್ರೋಕ್, ಹೆಡ್‌ಲೈಟು ಕಿತ್ತು, ಹಲ್ಲಿನ ಟಯರು ಹಾಕಿ, ಸೈಲೆನ್ಸರನ್ನು ಮೇಲಕ್ಕೆತ್ತಿ ಕಟ್ಟಿದ್ದು. ಅದನ್ನು ತನ್ನ ಪಿಕಪ್ಪಿನಲ್ಲಿ ಹೇರಿಕೊಂಡು ಬಂದವನು ವಂಡ್ಸೆಯ ನಿತೇಶ್. ಆರು ವರ್ಷ ಕುಷ್ಟನ ಕೈಕೆಳಗೆ ಕಲಿತು ಈಗ ಸ್ವಂತ ಗ್ಯಾರೇಜು ಇಟ್ಟವನು.

"ಭಾವ, ಕೆಳಗ್ ಲಾಯ್ಕ್ ಎಳಿತ್. ಅರ್ಧ ದಾಟ್ರೆ ಮೇಲ್ ಹತ್ತುದೇ ಇಲ್ಲ" ಎಂದ ಮನೀಷ್. "ನೆಟ್ಟಗಿನ್ ದಾರಿಯಲ್ ಎಲ್ರೂ ನನ್ನ್ ದಾಟ್ಕಂಡ್ ಹೋತ್ರ್. ಆಯ್ತವಾರ ಬಾರ್ಕೂರಲ್ ರೇಸ್ ಇತ್."

"ನಿಂಗೆ ವ್ಯಾನಲ್ ಬಂಗ್ಡಿ ಮೀನ್ ಹೊತ್ತ್ ಹೊತ್ತ್ ಭಾರ ಆಯ್ತ್. ಬೈಕಿಗೆಂತ ಮಾಡೂದ್?" ಎಂದ ಕುಷ್ಟ.

ನಗುತ್ತಲೇ ಕೆಲಸಕ್ಕೆ ಕೂತ. ಗಾಳಿಯ ಫಿಲ್ಟರು ತೊಳೆದ. ಸೈಲೆನ್ಸರು ಬಿಚ್ಚಿ ಬೆಂಕಿಗೆ ಹಿಡಿದು ಕೊಡವಿದಾಗ ಬಂದ ಮಸಿಯಲ್ಲಿ ಬೈಂದೂರು ತಾಲೂಕಿನ ಅಷ್ಟೂ ಮಕ್ಕಳಿಗೆ ದೃಷ್ಟಿಬೊಟ್ಟು ಇಟ್ಟು, ಉಳಿದದ್ದರಲ್ಲಿ ಭಟ್ಕಳದವರಿಗೂ ಇಡಬಹುದಿತ್ತು. ಕಾರ್ಬುರೇಟರಿನ ಹಿಂದೆ ಗಾಳಿ ಒಳಬಿಡುವ ರೀಡಿನ ತೆಳು ಎಲೆಗಳನ್ನು ಬಿಸಿಲಿಗೆ ಹಿಡಿದು ನೋಡಿದ, ಬಿರುಕಿಲ್ಲ. ಪಿಸ್ಟನ್, ರಿಂಗ್ ಸರಿ ಇದ್ದವು. ಕೊನೆಗೆ ಸ್ಪಾರ್ಕ್ ಪ್ಲಗ್ಗು ತೆಗೆದ. ಹುರಿದ ಗೇರುಬೀಜದ ಬಣ್ಣವಿರಬೇಕಾದದ್ದು ಒಲೆಯ ಬೂದಿಯಂತೆ ಬಿಳಿಚಿಕೊಂಡಿತ್ತು.

"ಪೆಟ್ರೋಲ್ ಸಾಕಾತಿಲ್ಲ, ಗಾಳಿ ಜಾಸ್ತಿ" ಎಂದ ಕುಷ್ಟ. ಅಷ್ಟು ನಿಜ. ಆದರೆ ಗಾಳಿ ಹೆಚ್ಚಾಗಲು ಎರಡು ದಾರಿ. ಒಂದು, ಪೆಟ್ರೋಲ್ ಬಿಡುವ ಜೆಟ್ಟು ಸಣ್ಣದಾಗಿರುವುದು. ಇನ್ನೊಂದು, ಎಂಜಿನ್ನಿನ ಹೊಟ್ಟೆಯಲ್ಲೆಲ್ಲೋ ಕಳ್ಳಗಂಡಿ ಇರುವುದು. ಮೊದಲನೆಯದು ಅರ್ಧ ಗಂಟೆಯ ಕೆಲಸ. ಎರಡನೆಯದು ಪ್ರಾಣಕ್ಕೆ ಬರುವಂಥದ್ದು: ಗಾಳಿ ಎಳೆದು ಎಳೆದು ಬಿಸಿಯೇರಿದ ಪಿಸ್ಟನ್ ಓಟದ ನಡುವೆ ಕಚ್ಚಿಕೊಂಡರೆ ಹಿಂದಿನ ಚಕ್ರ ಅಲ್ಲೇ ನಿಂತುಬಿಡುತ್ತದೆ. ಯಾವುದೆಂದು ತಿಳಿಯಲು ಹಿಂದೆಲ್ಲ ಕುಷ್ಟನಿಗೆ ಒಂದು ಸಲ ಎಕ್ಸಲರೇಟರು ತಿರುಗಿಸಿದರೆ ಸಾಕಿತ್ತು.

ತಿರುಗಿಸಿದ. ಬೈಕು ಕೂಗಿ ಕೂಗಿ ತುತ್ತತುದಿಗೇರಿತು. ಶೆಡ್ಡಿನ ತಗಡು ಅದುರಿತು.

ನಿತೇಶ್ ತಲೆ ಓರೆ ಮಾಡಿದ. "ಕುಷ್ಟಣ್ಣ, ತುದಿಗ್ ಹೋಪತಿಗೆ ಸಣ್ಣಕೆ ಟಿಣಿಟಿಣಿ ಅಂಬುದ್ ಕೇಂತಲ್ದಾ? ಸ್ಟೀಲ್ ಲೋಟಕ್ ಹರಳ್ ಹಾಕ್ ಕುಲ್ಕಿದಂಗೆ."

ಕುಷ್ಟನಿಗೆ ಕೇಳಿದ್ದು ದಪ್ಪ ಗರ್ಜನೆ ಒಂದೇ. ಸ್ಕ್ರೂಡ್ರೈವರು ಕಚ್ಚಿ ಕಣ್ಣು ಮುಚ್ಚಿದ. ದವಡೆ ನಡುಗಿತು. ಹರಳೂ ಇಲ್ಲ, ಲೋಟವೂ ಇಲ್ಲ. ಕಣ್ಣು ಬಿಟ್ಟರೆ ಮನೀಷ್ ಅವನ ಮುಖವನ್ನೇ ನೋಡುತ್ತಿದ್ದ; ಚಾ ತಂದ ಸರಸ ಬಾಗಿಲಲ್ಲಿ ನಿಂತಿದ್ದಳು; ಎಂಜಿನ್ ರಿಪೇರಿಗೆ ಬಂದ ಅಣ್ಣಯ್ಯ ಬೀಡಿ ಎಳೆಯುವುದನ್ನು ನಿಲ್ಲಿಸಿದ್ದ.

"ಅದ್ ಸೈಲೆನ್ಸರಿನ್ ತಗಡ್" ಎಂದ ಕುಷ್ಟ.

"ತಗಡಲ್ಲ ಕಾಣಿ. ಒಳಗಿಂದ್ ಬತ್ತಿತ್. ಒಂದ್ ದಿನ ಕೊಡಿ, ಗಾಳಿ ತುಂಬಿ ಸೋಪಿನ್ ನೀರ್ ಬಿಟ್ಟ್ ಕಾಂಬ. ಸೀಲ್ ಹೋಗಿರ್ಕ್."

"ನಿತೇಶ, ನಿನ್ನ್ ಕಿವಿ ತೆರ್ಸದ್ ಯಾರ್?"

"ನೀವೇ."

"ಬಾಲ ಬಂದದ್ದ್ ತಲೆಯಿಂದ್ಲಾ, ತಲೆ ಬಂದದ್ದ್ ಬಾಲ್ದಿಂದ್ಲಾ?"

ಅಣ್ಣಯ್ಯ ನಕ್ಕ. ಮನೀಷನೂ ನಕ್ಕ. ನಿತೇಶ್ ನಗಲಿಲ್ಲ. ಸರಸ ಏನೋ ಹೇಳಲೆಂದು ಬಾಯಿ ತೆರೆದಳು. ಕುಷ್ಟ ಅದನ್ನು ಕಂಡ. ಅವಳು ಬಾಯಿ ಮುಚ್ಚಿ ಚಾದ ಲೋಟಗಳನ್ನು ಕೆಳಗಿಟ್ಟು ಒಳಗೆ ಹೋದಳು.

ಕುಷ್ಟ ಒಂದು ನಂಬರು ದೊಡ್ಡ ಜೆಟ್ಟು ಹಾಕಿದ. ಬೈಕಿನ ಹಳೆಯ ಸೊಕ್ಕು ತಿರುಗಿ ಬಂತು. ಮನೀಷ್ ಕಡಲ ದಂಡೆಯ ಮರಳಲ್ಲಿ ಎರಡು ಸುತ್ತು ಹೊಡೆದು, ಹಲ್ಲು ಕಿರಿಯುತ್ತ ಬಂದು ಭಾವನ ಬೆನ್ನಿಗೆ ಗುದ್ದಿದ. "ಯಾರಿಗಿತ್ ಭಾವ, ನಿಮ್ಮಂಥ ಕಿವಿ."

ಬಾರ್ಕೂರಿನ ಕೊಯ್ಲಾದ ಗದ್ದೆಯಲ್ಲಿ ಭಾನುವಾರ ಸೇರಿದ ಜನಕ್ಕೆ ಲೆಕ್ಕವಿರಲಿಲ್ಲ. ಎದ್ದ ಕೆಂಪು ಧೂಳು ಬ್ರಹ್ಮಾವರದವರ ಅನ್ನದ ಬಟ್ಟಲಿಗೂ ಬಿದ್ದಿರಬೇಕು. ಕುಷ್ಟ ಬೇಲಿಗೆ ತಾಗಿ ನಿಂತಿದ್ದ, ಸ್ಕ್ರೂಡ್ರೈವರು ಅಂಗಿಯ ಜೇಬಿನಲ್ಲಿ. ಪಕ್ಕದಲ್ಲಿ ನಿತೇಶ್. ಮೊದಲ ಸುತ್ತಿನಲ್ಲಿ ಮನೀಷ್ ಮೂರನೆಯವ, ಎರಡನೆಯದರಲ್ಲಿ ಎಲ್ಲರಿಗಿಂತ ಮುಂದೆ.

"ಕಂಡ್ಯಾ ತಗಡ್?" ಎಂದ ಕುಷ್ಟ.

ಮೂರನೆಯ ಸುತ್ತಿನ ನೆಟ್ಟಗಿನ ದಾರಿಗೆ ಬೈಕು ತಿರುಗಿದಾಗ ನಿತೇಶ್ ಅವನ ತೋಳು ಹಿಡಿದ. ಉಗುರು ನಾಟಿತು. "ಕುಷ್ಟಣ್ಣ, ಅದೇ ಸದ್ದ್. ಕೇಂತಾ ನಿಮ್ಗೆ?" ಉತ್ತರಕ್ಕೆ ಕಾಯದೆ, ಹೆಗಲ ಬೈರಾಸು ಎಳೆದು ಬೀಸುತ್ತ ಬೇಲಿ ಹಾರಿ ಓಡಿದ. ಕುಷ್ಟನಿಗೆ ಗದ್ದೆಯ ತುಂಬ ಒಳ್ಳೆಯ, ತುಂಬಿದ, ಆರೋಗ್ಯವಂತ ಗರ್ಜನೆ ಕೇಳುತ್ತಿತ್ತು. ಮೂರು ಊರಿನಾಚೆಯಿಂದ ಕೋಣದ ಗೊರಸು ಕೇಳಬೇಕಾದವನಿಗೆ ಅದು ಬೇಲಿಯ ಒಳಗೆ ಬಂದು ನಿಂತದ್ದು ಕೇಳಲಿಲ್ಲ.

ಹಿಂದಿನ ಚಕ್ರ ಒಮ್ಮೆಲೇ ನಿಂತಿತು. ಬೈಕು ಅಡ್ಡ ತಿರುಗಿತು. ಮನೀಷ್ ಬಿದ್ದ, ಏಳಲು ಒಂದು ಕೈ ಊರಿದ. ಹಿಂದೆ ಎರಡು ಬೈಕುಗಳಿದ್ದವು. ಮೊದಲನೆಯವನು ತಪ್ಪಿಸಿಕೊಂಡ.

ಆಂಬುಲೆನ್ಸು ಬ್ರಹ್ಮಾವರದಲ್ಲಿ ಹೆದ್ದಾರಿಗೆ ಸೇರುವಷ್ಟರಲ್ಲಿ ಮನೀಷನ ಉಸಿರು ನಿಂತಿತ್ತು. ಇದಕ್ಕೆ ಉಪ್ಪು ಖಾರ ಹಚ್ಚಲು ಏನೂ ಇಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನಿತೇಶ್ ಆ ಎಂಜಿನ್ನನ್ನು ಗೋಣಿಯಲ್ಲಿ ಕಟ್ಟಿ ಶೆಡ್ಡಿಗೆ ತಂದ. ತರಬೇಕೆಂದು ಕುಷ್ಟನೇ ಹೇಳಿಕಳಿಸಿದ್ದ. ಕುಷ್ಟ ಸಿಲಿಂಡರು ಎತ್ತಿದ. ಪಿಸ್ಟನ್ನಿನ ಮೈ ಮೀನು ಕೆರೆದಂತೆ ಕಿತ್ತುಹೋಗಿತ್ತು. ಅದನ್ನು ಬದಿಗಿಟ್ಟು, ಎಂಜಿನ್ನಿನ ಕೆಳಹೊಟ್ಟೆಯ ಬಾಯಿಗಳನ್ನೆಲ್ಲ ಹಳೆಯ ಟ್ಯೂಬಿನ ರಬ್ಬರಿನಿಂದ ಕಟ್ಟಿ, ಸೈಕಲ್ ಪಂಪಿನಿಂದ ಗಾಳಿ ತುಂಬಿದ. ಕ್ರ್ಯಾಂಕಿನ ಸುತ್ತಲಿನ ರಬ್ಬರಿನ ಆಯಿಲ್ ಸೀಲಿಗೆ ಸೋಪಿನ ನೀರು ಬಿಟ್ಟ. ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು. ಉಗುರಿನಗಲದ ಹರಕು ಅದು. ಗುರುವಾರ ಮಾಡಿದ್ದರೆ ಚಾ ಆರುವುದರೊಳಗೆ ಕಾಣುತ್ತಿತ್ತು.

ಅಣ್ಣಯ್ಯ ತನ್ನ ಎಂಜಿನ್ನಿಗಾಗಿ ಬಂದು ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಸರಸ.

"ನಂಗೆ ಕೇಂತಿಲ್ಲೆ" ಎಂದ ಕುಷ್ಟ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮೂರ್ ವರ್ಷ ಆಯ್ತ್. ಆ ದಿನ ನಿತೇಶ ಹೇಳದ್ ಸದ್ದ್ ನಂಗೆ ಕೇಣ್ಲಿಲ್ಲ. ತಗಡ್ ಅಂದದ್ ಸುಳ್ಳ್."

ಅಣ್ಣಯ್ಯ ತಲೆ ತಗ್ಗಿಸಿದ. ತನ್ನ ಎಂಜಿನ್ ಆಯಿತೇ ಎಂದು ಕೇಳದೆ ಹೊರಟುಹೋದ.

ಸರಸ ಎದುರಿಗೆ ಬಂದಳು. ಮೂರು ವರ್ಷದಿಂದ ನಿಲ್ಲುವ ಹಾಗೆಯೇ, ಅವನ ಕಣ್ಣಿಗೆ ಬಾಯಿ ಕಾಣುವಂತೆ ನಿಂತಳು.

"ನಂಗ್ ಗೊತ್ತಿತ್" ಎಂದಳು. "ಕುಕ್ಕರ್ ಕೂಗಿ ಕೂಗಿ ಅನ್ನ ಹೊತ್ತದ್ ದಿನ್ವೇ ಗೊತ್ತಾಯ್ತ್. ನಿಮ್ಮ್ ಮರ್ಯಾದಿ ಉಳಿಲಿ ಅಂದ್ಹೇಳಿ ಎಲ್ಲ ಎರಡೆರಡ್ ಸಲ ಹೇಳ್ತಿದ್ದೆ. ಆ ದಿನ ಬಾಗ್ಲಲ್ ನಿಂತದ್ದ್ ನಾನೇ. ಬಾಯಿಗ್ ಬಂದಿತ್. ಅಣ್ಣಯ್ಯನ್ ಎದ್ರ್ ಹ್ಯಾಂಗ್ ಹೇಳೂದ್ ಅಂದ್ಹೇಳಿ ನುಂಗ್ದೆ." ಉಸಿರು ತೆಗೆದುಕೊಂಡಳು. "ಮನೀಷ ನಿತೇಶನ್ ಗ್ಯಾರೇಜಿಗ್ ಹೋತೆ ಅಂದಿದ್ದ. ಭಾವ ಇರುವತಿಗೆ ಬೇರೆಯವ್ರ್ ಎಂತಕೆ ಅಂದ್ ಇಲ್ಲಿಗ್ ಕಳ್ಸದ್ದೂ ನಾನೇ."

ಆಮೇಲೆ ತಿರುಗಿ ಮನೆಯ ಕಡೆ ನಡೆದಳು. ನಡೆಯುತ್ತಲೇ ಇನ್ನೊಂದು ಮಾತು ಹೇಳಿದಳು. ಹೇಳಿದಳೆಂದು ಕುಷ್ಟನಿಗೆ ಗೊತ್ತಾದದ್ದು ನಿತೇಶನ ಮುಖದಿಂದ. ಅವನು ಥಟ್ಟನೆ ತಲೆಯೆತ್ತಿ ಅವಳ ಬೆನ್ನನ್ನು ನೋಡಿದ್ದ.

"ಎಂತ ಹೇಳ್ತ್ ಅದ್?" ಎಂದು ಕೇಳಿದ ಕುಷ್ಟ.

ನಿತೇಶ್ ಸೋಪಿನ ನೀರಿನ ಡಬ್ಬಿಗೆ ಮುಚ್ಚಳ ಹಾಕತೊಡಗಿದ.

"ಸರಸ" ಎಂದು ಕರೆದ ಕುಷ್ಟ. "ಎಂತ ಹೇಳ್ದೆ?"

ಅವಳು ಅಂಗಳ ದಾಟಿದಳು, ಮೆಟ್ಟಿಲು ಹತ್ತಿದಳು. ಎರಡನೆಯ ಸಲ ಹೇಳಲಿಲ್ಲ.