ಹಸಿ ದನಿ

"ನಿಮ್ಮ ಕಡೆ ಸ್ವಲ್ಪ ಎತ್ತಿ ಅಣ್ಣಾ, ಮೂಲೆ ಗೋಡೆಗೆ ತಾಗ್ತಿದೆ," ಎಂದ, ಎಲ್ಲರೂ ಡೋಲು ಎಂದೇ ಕರೆಯುವ ಗೆಳೆಯ.

ಇಬ್ಬರೂ ಏದುಸಿರು ಬಿಡುತ್ತ ಸೊಂಟದೆತ್ತರದ ಸ್ಪೀಕರ್ ಪೆಟ್ಟಿಗೆಯನ್ನು ಹಜಾರದ ಮೂಲೆಗೆ ಸರಿಸಿದರು. ನಡುವೆ ಜಾಗವಾದರೆ ತಾನೆ ಹೆಣ ಮಲಗಿಸುವುದು! ಆಸ್ಪತ್ರೆಯ ಗಾಡಿ ಆಗಲೇ ಕೆಳಗೆ ಬಂದು ನಿಂತಿತ್ತು.

"ಇದರೊಳಗೇನು ಕಲ್ಲು ತುಂಬಿದಾನಾ?" ಎಂದ ಸತ್ತವನ ಅಣ್ಣ, ಹಾಗೆಂದವನೇ ನಾಲಿಗೆ ಕಚ್ಚಿಕೊಂಡ. ತುಂಬಿದ್ದಾನೆ ಅನ್ನುವಂತಿಲ್ಲ ಇನ್ನು, ತುಂಬಿದ್ದ ಅನ್ನಬೇಕು.

ಸತ್ತವನಿಗೆ ಐವತ್ತಾರು. ಹಗಲೆಲ್ಲ ಲಿಫ್ಟ್ ರಿಪೇರಿ, ಸಂಜೆಯಾದರೆ ಗಿಟಾರು. ಕಿವಿ ಹರಿದುಹೋಗುವಂಥ ಮೆಟಲ್ ಸಂಗೀತ. ಡ್ರಮ್ ಬಾರಿಸುತ್ತಿದ್ದ ಈ ಡೋಲುವಿನ ಜೊತೆ ಇಪ್ಪತ್ತು ವರ್ಷ ಒಂದು ತಂಡ ನಡೆಸಿದ್ದ. ಊರು ಗುರುತಿಸಲಿಲ್ಲ, ಅವರಿಬ್ಬರಿಗೂ ಅದರ ಪರಿವೆ ಇರಲಿಲ್ಲ. ಮಂಗಳವಾರ ಕೆಟ್ಟ ಲಿಫ್ಟ್ ನೋಡಲೆಂದು ಏಳನೇ ಮಹಡಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಹೆಣ ಬಂತು, ಜನ ಬಂದರು, ಹೋದರು. ಹೆಂಡತಿ ಅಳಲಿಲ್ಲ. ಒಂದು ಗಂಟೆಯ ಹೊತ್ತಿಗೆ ಡೋಲುವನ್ನು ಹತ್ತಿರ ಕರೆದಳು.

"ಇವರು ಗಿಟಾರ್ ನುಡಿಸಿದ್ರೆ ಹೇಗಿರುತ್ತೆ?"

"ಏನತ್ತಿಗೆ ಹೀಗಂತೀರಿ?"

"ನಾನು ಕೇಳೇ ಇಲ್ಲವಲ್ಲೋ. ಮೂರು ಗಂಟೆಗೆ ಕರಕೊಂಡು ಹೋಗಿಬಿಡ್ತಾರೆ. ಅಷ್ಟರಲ್ಲಿ ಒಂದ್ಸಲ ಕೇಳಿಸು."

*

ಅವಳೆಂದದ್ದು ನಿಜ. ಮದುವೆಯಾದ ಹೊಸತರಲ್ಲಿ ಒಂದೇ ಒಂದು ಕಾರ್ಯಕ್ರಮಕ್ಕೆ ಹೋಗಿದ್ದಳು, ಕಿವಿಗೆ ಹತ್ತಿ ತುರುಕಿಕೊಂಡು. ಎರಡನೇ ಹಾಡಿಗೇ ಎದ್ದು ಬಂದಿದ್ದಳು. ಮನೆಯಲ್ಲಿ ಅವನು ಸ್ಪೀಕರ್ ಹಾಕಿದರೆ ಅಂಗಡಿಗೋ ಗುಡಿಗೋ ಹೊರಟುಬಿಡುತ್ತಿದ್ದಳು.

ಹದಿನಾಲ್ಕು ವರ್ಷದ ಹಿಂದೆ ಕೆಳಮನೆಯ ಟೀಚರಮ್ಮ ಮೆಟ್ಟಿಲು ಹತ್ತಿ ಬಂದು, "ನಮ್ಮನೆಯವರು ಹಾಸಿಗೆ ಹಿಡಿದಿದಾರೆ, ನಿಮ್ಮ ಸದ್ದಿಗೆ ಮಂಚ ನಡುಗುತ್ತಪ್ಪಾ," ಎಂದಿದ್ದರು. ಅವನು ಅವತ್ತೇ ಸ್ಪೀಕರಿನ ತಂತಿ ಕಿತ್ತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಟೀಚರಮ್ಮನ ಗಂಡ ನಾಲ್ಕು ವರ್ಷಕ್ಕೆ ತೀರಿಕೊಂಡರು. ಇನ್ನು ಜೋರಾಗಿ ನುಡಿಸಬಹುದು ಅಂತ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಸ್ಪೀಕರ್ ಪೆಟ್ಟಿಗೆಯ ಮೇಲೆ ಅವಳು ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟಳು.

ಅಂದಿನಿಂದ ಅವಳಿಗೆ ಕೇಳಿಸಿದ್ದು ಬಾಗಿಲಾಚೆಯಿಂದ ಬರೀ ತಂತಿಯ ಟಿಕ್ ಟಿಕ್. "ಹಲ್ಲಿ ಲೊಚಗುಟ್ಟಿದ ಹಾಗಿದೆ ನಿಮ್ಮ ಸಂಗೀತ," ಎಂದು ಛೇಡಿಸುತ್ತಿದ್ದಳು. ಮುಗಿದ ಮೇಲೆ ಅವನು ಬೆರಳ ಗೆಣ್ಣಿನಿಂದ ಗಿಟಾರಿನ ಬೆನ್ನಿಗೆ ಎರಡು ಸಲ ಕುಟ್ಟುತ್ತಿದ್ದ. ಹೆಡ್‌ಫೋನ್ ತೆಗೆದೆ, ಇನ್ನು ಮಾತಾಡಬಹುದು ಅಂತ ಅರ್ಥ. ಅವಳು ಎದ್ದು ಚಹಾಕ್ಕೆ ನೀರಿಡುತ್ತಿದ್ದಳು.

*

ಅವನ ಕೋಣೆಯಲ್ಲಿ ಗೋಡೆಗೆ ಮೂರು ಗಿಟಾರು, ಮೇಜಿನ ಮೇಲೆ ಕಂಪ್ಯೂಟರು, ಕುರ್ಚಿಯ ಬೆನ್ನಿಗೆ ಅವನ ಕೆಲಸದ ಅಂಗಿ. ಡೋಲು ಸೋಮವಾರದ ರೆಕಾರ್ಡಿಂಗನ್ನು ಹುಡುಕಿ ಹಾಕಿದ. ಟಿಕ್ ಟಿಕ್, ಟಿಕಿ ಟಿಕಿ ಟಿಕ್. ಅವಳ ಮುಖ ಇಳಿದುಹೋಯಿತು.

"ಇದನ್ನೇ ಅಲ್ವೇನೋ ದಿನಾ ಕೇಳ್ತಿದ್ದಿದ್ದು. ಇಷ್ಟೇನಾ?"

"ಇದು ಹಸಿ ದನಿ ಅತ್ತಿಗೆ. ಅವನು ಯಾವಾಗಲೂ ಮೊದಲು ಬರೀ ತಂತಿಯ ಸದ್ದು ಹಿಡಿದಿಡ್ತಿದ್ದ. ಇದನ್ನ ಆಂಪ್ಲಿಫೈಯರಿಗೆ ಕಳಿಸಿದ್ರೆ ಅವನೇ ಎದುರಿಗೆ ನಿಂತು ನುಡಿಸಿದ ಹಾಗೆ ಬರುತ್ತೆ. ಆದರೆ ಮೆಲ್ಲಗೆ ಹಾಕಿದ್ರೆ ಬರಲ್ಲ."

ಹಜಾರದಲ್ಲಿದ್ದ ಅಣ್ಣನಿಗೆ ಇದು ಕೇಳಿಸಿ ಸಿಟ್ಟು ನೆತ್ತಿಗೇರಿತು. "ಹೆಣ ಇಟ್ಕೊಂಡು ಮನೇಲಿ ಗಲಾಟೆನಾ? ಜನ ಏನಂದಾರು! ಅಕ್ಕಪಕ್ಕದವರು ಇಲ್ವಾ?"

ಗೋಡೆಯ ಬದಿಯ ಕುರ್ಚಿಯಿಂದ ಟೀಚರಮ್ಮ ಎದ್ದರು. ಎದ್ದು ನಿಲ್ಲುವುದಕ್ಕೇ ಅವರಿಗೆ ಹೊತ್ತು ಹಿಡಿಯಿತು.

"ಅಕ್ಕಪಕ್ಕದವಳು ನಾನೇ," ಎಂದರು. "ಬಾಯಿ ಮುಚ್ಚಿಸಿದ್ದೂ ನಾನೇ. ಆಮೇಲೆ ಒಂದು ಮಾತು ಬಂದು ಹೇಳಬೇಕಿತ್ತು, ಹೇಳಲಿಲ್ಲ. ಹಾಕಪ್ಪಾ."

ಡೋಲು ಆಂಪ್ಲಿಫೈಯರನ್ನು ತಂದು ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟು, ತಂತಿ ಸಿಕ್ಕಿಸಿ, ಒಳಗಿನ ಗಾಜಿನ ಬಲ್ಬುಗಳು ಕಾಯಲೆಂದು ಕಾದ. ತಿರುಪುಗಳನ್ನು ಎಲ್ಲೆಲ್ಲಿಗೆ ತಿರುಗಿಸಬೇಕೆಂದು ಒಂದೊಂದರ ಪಕ್ಕದಲ್ಲೂ ಕೆಂಪು ಚುಕ್ಕೆ ಇತ್ತು. ಅವಳು ಬಾಗಿ ನೋಡಿದಳು. ಅವಳದೇ ಉಗುರುಬಣ್ಣ. ಹೊಸ ಬಾಟಲಿ ಕಳೆಯಿತೆಂದು ಆಗ ಎರಡು ದಿನ ಮಾತು ಬಿಟ್ಟಿದ್ದಳು.

"ಮುಂದೆ ಯಾವತ್ತಾದ್ರೂ ಬೇಕಾಗುತ್ತೆ ಅಂತ ಗುರುತು ಹಾಕಿಟ್ಟಿದ್ದ," ಎಂದ ಡೋಲು.

ಸದ್ದು ಬಂದಾಗ ಮೊದಲು ಕಿಟಕಿಯ ಗಾಜು ನಡುಗಿತು, ಆಮೇಲೆ ನೆಲ. ಅಣ್ಣ ಕಿವಿ ಮುಚ್ಚಿಕೊಂಡ. ಅವಳು ಮುಚ್ಚಿಕೊಳ್ಳಲಿಲ್ಲ. ಅದೇ ಟಿಕಿ ಟಿಕಿ ಟಿಕ್ ಈಗ ಎದೆಗೆ ಬಡಿಯುತ್ತಿತ್ತು, ಒಂದೊಂದು ಪೆಟ್ಟೂ ಅವಳಿಗೆ ಗುರುತಿನದು. ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ತಡವರಿಸಿ ಮತ್ತೆ ಹಿಡಿಯುತ್ತಾನೆ ಎಲ್ಲ ಗೊತ್ತು, ಅಡುಗೆಮನೆಯಲ್ಲಿ ನಿಂತೇ ಬಾಯಿಪಾಠವಾಗಿಹೋಗಿತ್ತು. ಇಷ್ಟು ದೊಡ್ಡದನ್ನು ಈ ಮನುಷ್ಯ ಒಬ್ಬನೇ ಕಿವಿಯೊಳಗೆ ಇಟ್ಟುಕೊಂಡು ಕೂತಿದ್ದನೇ! ಅವಳು ಆ ಅಬ್ಬರದಲ್ಲಿ ಬಾಯಿಬಿಟ್ಟು ಅತ್ತಳು. ಯಾರಿಗೂ ಕೇಳಿಸಲಿಲ್ಲ.

ಕೊನೆಯ ತಂತಿ ಮೊರೆದು ಮೊರೆದು ನಿಂತಿತು. ಡೋಲು ಸ್ವಿಚ್ಚಿಗೆ ಕೈ ಚಾಚಿದ. ಅಷ್ಟರಲ್ಲಿ ಪೆಟ್ಟಿಗೆಯೊಳಗಿಂದ ಯಾರೋ ಕದ ಬಡಿದ ಹಾಗೆ ಸದ್ದಾಯಿತು.

ಧಡ್. ಧಡ್.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಹೆಣದ ಪಕ್ಕದಿಂದಲೇ ಹಾದು ಅಡುಗೆಮನೆಗೆ ಹೋದಳು. ಏನಾಯಿತೋ ಎಂದು ಅಣ್ಣ ಹಿಂದೆಯೇ ಹೋಗಿ ನೋಡಿದ. ಒಲೆಯ ಮೇಲೆ ನೀರಿತ್ತು, ಉರಿ ಹತ್ತಿತ್ತು, ಕಟ್ಟೆಯ ಮೇಲೆ ಎರಡು ಲೋಟ. ಅವಳು ಅದರಲ್ಲೊಂದನ್ನು ಹಿಡಿದು ನಿಂತಿದ್ದಳು. ಅದನ್ನು ಮತ್ತೆ ಒಳಗಿಡಲು ಅವಳಿಗೆ ಕೈ ಬರಲಿಲ್ಲ.