ಗಂಗಾಳದ ಚೂರಿಗೆ ದಾರ

ಯುದ್ಧ ಶುರುವಾಗಿ ನಾಲ್ಕು ವರ್ಷವಾಗಿದ್ದ ಆ ಆಷಾಢದಲ್ಲಿ, ಅರಕಲಗೂಡು ಕಡೆಯ ಒಂದು ಹಳ್ಳಿಯಲ್ಲಿ, ಕೆಂಪಣ್ಣ ಕೊಟ್ಟಿಗೆ ಬಾಗಿಲ ಗಂಟೆಗೆ ನಾಲ್ಕನೇ ಸಲ ದಾರ ಹುಡುಕುತ್ತಿದ್ದ. ಗಂಟೆ ಅಂದರೆ ಗಂಟೆಯೇನಲ್ಲ. ಒಡೆದ ಕಂಚಿನ ಗಂಗಾಳದ ಐದು ಚೂರುಗಳಿಗೆ ತೂತು ಹೊಡೆಸಿ ಬಿದಿರು ಗಳಕ್ಕೆ ತೂಗುಹಾಕಿದ್ದ. ಗಾಳಿಗೆ ಟಿಣ್ ಟಿಣ್ ಅನ್ನುತ್ತಿತ್ತು. ಗಾಳಿ ನಿಂತ ದಿನ ಅವನೇ ಅಲ್ಲಾಡಿಸುತ್ತಿದ್ದ. ಎರಡು ಕಣ್ಣೂ ಹೋಗಿದ್ದ ಅವನ ಅಕ್ಕ ಬೆಟ್ಟಮ್ಮ ಸಗಣಿ ಮಂಕರಿ ಹೊತ್ತು ತಿಪ್ಪೆಗೆ ಹೋಗಿ, ಆ ಸದ್ದು ಹಿಡಿದೇ ಹಿಂದಕ್ಕೆ ಬರುತ್ತಿದ್ದಳು. ನಡುವೆ ಕಟ್ಟೆಯಿಲ್ಲದ ಬಾವಿ.

ತೆಂಗಿನ ನಾರು ಕಂಚಿನ ಅಂಚಿಗೆ ಸವೆದುಹೋಯಿತು. ಹತ್ತಿ ದಾರ ಜಡಿಮಳೆಗೆ ಕೊಳೆಯಿತು. ಕತ್ತಾಳೆ ನಾರು ಗಟ್ಟಿ ಅಂದುಕೊಂಡಿದ್ದ. ನೆನೆದು ಒಣಗಿ, ನೆನೆದು ಒಣಗಿ, ಅದೂ ಮೊನ್ನೆ ಕಡಿದುಬಿತ್ತು. ತಂತಿ ತರೋಣವೆಂದರೆ ಯುದ್ಧದ ದೆಸೆಯಿಂದ ಸಂತೆಯಲ್ಲೇ ಇಲ್ಲ. ಮೊನ್ನೆ ಸದ್ದು ನಿಂತಾಗ ಬೆಟ್ಟಮ್ಮ ಬಾವಿಯ ಕಡೆಗೇ ನಡೆದಿದ್ದಳು. ಒಗೆಯುವ ಕಲ್ಲು ಕಾಲಿಗೆ ತಗುಲಿದ್ದರಿಂದ ಉಳಿದಳು. ಇನ್ನೊಂದು ಸಲ ಕಡಿದರೆ ಮಂಕರಿ ಕಸಿದಿಟ್ಟು ಒಲೆ ಮುಂದೆ ಕೂರಿಸುವುದೇ ಸೈ ಎಂದು ಕೆಂಪಣ್ಣನ ಹೆಂಡತಿ ಜಯಲಕ್ಷ್ಮಮ್ಮ ಅವತ್ತೇ ಹೇಳಿಬಿಟ್ಟಳು.

"ಅಂಗಾದ್ರೆ ಅವತ್ತೇ ಮಣ್ಣಿಗಾಕ್ಬುಡ್ರವ್ವ" ಅಂದಳು ಬೆಟ್ಟಮ್ಮ, ಸಿಟ್ಟಿಲ್ಲದೆ.

ಕೆಂಪಣ್ಣನಿಗೂ ಮಂಡಿ ಹಿಡಿದಿತ್ತು. ದಿನಕ್ಕೆ ನಾಲ್ಕು ಸಲ ಅವಳ ಹಿಂದೆ ಹೋಗಿಬರಲು ಆಗುತ್ತಿರಲಿಲ್ಲ. ಸುಸ್ತಾಗಿ ಕೊಟ್ಟಿಗೆ ಗೋಡೆಗೆ ಒರಗಿದವನ ಕಣ್ಣಿಗೆ ಸಂದಿನಲ್ಲಿ ತುರುಕಿದ್ದ ಕೂದಲುಂಡೆಗಳು ಬಿದ್ದವು. ಅಕ್ಕನವು. ತಲೆ ಬಾಚಿದಾಗ ಉದುರಿದ್ದನ್ನು ಕೂಡಿಟ್ಟು, ಸೂಜಿ ಮಾರುವವಳಿಗೆ ಕೊಟ್ಟು ಸೂಜಿ ಪಡೆಯುವುದು ವಾಡಿಕೆ. ಸೂಜಿಯವಳು ಇತ್ತ ಸುಳಿದು ಎರಡು ವರ್ಷವಾಗಿತ್ತು. ಉಂಡೆಗಳು ಎರಡು ಮಳೆಗಾಲದ ನೀರು ಕುಡಿದಿದ್ದವು. ಬಿಡಿಸಿ ಎಳೆದು ನೋಡಿದ. ಬೆರಳು ಕೊಯ್ದಂತಾಯಿತೇ ಹೊರತು ಕಡಿಯಲಿಲ್ಲ.

ಹರಳೆಣ್ಣೆ ಸವರಿ ಮೂರೆಳೆ ಹೊಸೆಯಲು ಎರಡು ದಿನ ಹಿಡಿಯಿತು. ಹೆಂಗಸರ ಕೂದಲನ್ನು ಬಾಗಿಲಿಗೆ ಕಟ್ಟುವುದುಂಟೇ ಎಂದು ಹೆಂಡತಿ ಗೊಣಗಿದಳು. ಅಕ್ಕನಿಗೆ ಎತ್ತಿನ ಬಾಲದ್ದು ಅನ್ನೋಣ, ಸುಮ್ಮನಿರು ಅಂದ.

ಕಟ್ಟಿದ ಮೇಲೆ ಬೆಟ್ಟಮ್ಮ ಬಂದು ದಾರ ಸವರಿದಳು. "ಯಾವ್ ಎತ್ತಿಂದ್ಲಾ ಇದು?"

"ಮುದಿ ಎತ್ತಿಂದು ಕಣಕ್ಕ."

ಅವಳ ಕೈ ಗೋಡೆಯ ಸಂದಿಗೆ ಹೋಗಿ, ಬರಿದಾಗಿದ್ದುದನ್ನು ತಡವಿ, ಮತ್ತೆ ದಾರಕ್ಕೆ ಬಂತು. "ಬೆಳ್ಳಗಾಗೈತಾ ಎತ್ತು?"

ಕಣ್ಣು ಹೋದಂದಿನಿಂದ ಅವಳು ತನ್ನ ತಲೆಗೂದಲು ಕಂಡಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. "ಅರ್ಧಕ್ಕರ್ಧ" ಅಂದ.

"ಆಗ್ಲಿ. ಗಟ್ಟಿ ಐತಲ್ಲ" ಎಂದು ಮಂಕರಿ ತಲೆಗೇರಿಸಿ ಹೊರಟಳು.

ಕೆಂಪಣ್ಣ ಹಿಂದೆ ಹೋಗಲಿಲ್ಲ. ಹೊಸ್ತಿಲ ಮೇಲೆ ಕಾಲು ಚಾಚಿ ಕೂತ. ಗಾಳಿ ಎದ್ದಿತು, ಚೂರುಗಳು ಆಡಿದವು. ಸ್ವಲ್ಪ ಹೊತ್ತಿಗೆ ಅವಳ ಹೆಜ್ಜೆ ಬಾವಿಯನ್ನು ಎಡಕ್ಕೆ ಬಿಟ್ಟು, ನಿಧಾನವಾಗಿ, ಇತ್ತಲೇ ಬಂತು.