ಗೋಡೆ ಹತ್ತಿರದ ಯಜಮಾನರು

ಹಳೇ ಟ್ರ್ಯಾಕ್ಟರುಗಳನ್ನು ಹರಾಜು ಹಾಕುವ ಆ ಅಂಗಳದಲ್ಲಿ ಎಲ್ಲರೂ ಅವನನ್ನು ಸುತ್ತಿಗೆ ಸಾಹೇಬ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಮರದ ಸುತ್ತಿಗೆ, ಬಾಯಲ್ಲಿ ಅರಳು ಹುರಿದಂಥ ಮಾತು. ಹೊಲದಲ್ಲಿ ದುಡಿದು ದುಡಿದು ಕೊನೆಗೆ ಶೆಡ್ಡಿನ ಮೂಲೆಯಲ್ಲಿ ಕೋಳಿಗಳಿಗೆ ಗೂಡಾಗಿದ್ದ ಗಾಡಿಯನ್ನೂ ಅವನು ಮಾತಿನಲ್ಲೇ ಸಿಂಗರಿಸಿ ನಿಲ್ಲಿಸುತ್ತಿದ್ದ. "ಬಣ್ಣ ನೋಡಿ ಸ್ವಾಮಿ, ಕಾರ್ಖಾನೆಯಲ್ಲಿ ಬಳಿದಿದ್ದೇ! ಒಂದು ಗೀರೂ ಹೊಸದಲ್ಲ, ಎಲ್ಲಾ ಹಳೇವೇ!" ಎಂದರೆ ಜನ ನಗುತ್ತಿದ್ದರು. ನಕ್ಕವರ ಕೈ ಬೇಗ ಮೇಲೇಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಅವನಿಗೆ ಗೊತ್ತಿದ್ದ ಇನ್ನೊಂದು ವಿದ್ಯೆ ಎಂದರೆ ಗೋಡೆ ಹತ್ತಿರದ ಯಜಮಾನರು. ಅಂಗಳದ ಹಿಂಭಾಗದಲ್ಲಿ, ತಗಡಿನ ಸೂರಿನ ನೆರಳಿನಲ್ಲಿ ಒಂದು ಇಟ್ಟಿಗೆ ಗೋಡೆಯಿತ್ತು. ಸವಾಲು ನಡುವೆ ಎಲ್ಲೋ ಹೂತು ನಿಂತಾಗ ಸಾಹೇಬ ಜನರ ತಲೆಯ ಮೇಲಿಂದ ಸುತ್ತಿಗೆ ಚಾಚಿ, "ಗೋಡೆ ಹತ್ತಿರದ ಯಜಮಾನರು, ಇನ್ನೈದು ಸಾವಿರ!" ಎಂದು ಕೂಗುತ್ತಿದ್ದ. ಅಲ್ಲಿ ಯಾರೂ ಇರುತ್ತಿರಲಿಲ್ಲ. ಮುಂದೆ ನಿಂತವರು ತಿರುಗಿಯೂ ನೋಡುತ್ತಿರಲಿಲ್ಲ. ತಿರುಗಿದರೆ ತಮ್ಮ ಆಸೆ ಊರಿಗೆಲ್ಲ ಗೊತ್ತಾದೀತೆಂಬ ಬಿಗುಮಾನ ಕೊಳ್ಳುವವರಿಗೆ ಇದ್ದೇ ಇರುತ್ತದೆ. ಅಪ್ಪಿತಪ್ಪಿ ಯಜಮಾನರ ಹೆಸರಿಗೇ ಸುತ್ತಿಗೆ ಬಿದ್ದರೆ ಅದಕ್ಕೂ ದಾರಿಯಿತ್ತು. "ಯಜಮಾನರು ಆಮೇಲೆ ಆಫೀಸಿಗೆ ಬರಲಿ" ಎಂದು ಮುಂದಿನ ಗಾಡಿಗೆ ಹೋಗುವುದು, ಸಂಜೆ ಸೋತವನಿಗೆ ಫೋನ್ ಮಾಡಿ, "ಅವರು ಹಿಂದೆ ಸರಿದ್ರು, ನಿಮ್ಮ ಬೆಲೆಗೇ ತಗೊಳ್ಳಿ" ಎಂದು ದೊಡ್ಡ ಉಪಕಾರ ಮಾಡಿದವನ ಹಾಗೆ ಮಾರುವುದು. ಇದು ಮೋಸವೆಂದು ಅವನಿಗೆ ಅನಿಸಿರಲೇ ಇಲ್ಲ. ಅಡುಗೆಗೆ ಉಪ್ಪು ಹಾಕಿದ ಹಾಗೆ ಎಂದುಕೊಂಡಿದ್ದ.

ಈ ಯಜಮಾನರ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವನು ಬೇಕರಿಯವನು. ಹಳೇ ಟ್ರ್ಯಾಕ್ಟರ್ ಕಂಡರೆ ಅವನಿಗೆ ಜೀವ. ಬೇಕರಿಯ ಹಿಂದೆ ಹಿಟ್ಟಿನ ಮೂಟೆಗಳ ಪಕ್ಕದಲ್ಲೇ ಗಾಡಿಗಳನ್ನು ನಿಲ್ಲಿಸಿಕೊಂಡು, ಭಾನುವಾರ ಅವುಗಳ ಬಾನೆಟ್ ಒರೆಸುತ್ತ ಕೂರುವ ಮನುಷ್ಯ. ಆಸೆಯಲ್ಲಿ ಮಗು, ಲೆಕ್ಕದಲ್ಲಿ ಅದಕ್ಕಿಂತ ಮಗು. ಸಾಹೇಬನಿಗೆ ಅವನನ್ನು ಕಂಡರೆ ಪ್ರೀತಿಯೇ ಇತ್ತು, ಮಾರುವವರಿಗೆ ಕೊಳ್ಳುವವರ ಮೇಲೆ ಇರುವಂಥ ಪ್ರೀತಿ.

ಆ ದಿನ ಹರಾಜಿಗೆ ಬಂದಿದ್ದು ಕೈಯಿಂದ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ, ಬೂದು ಬಣ್ಣದ ಒಂದು ಪುಟ್ಟ ಗಾಡಿ. ಬೇಕರಿಯವನ ಕೈ ಇಳಿಯಲೇ ಇಲ್ಲ. ಉಳಿದವರೆಲ್ಲ ಸೋತು ಸುಮ್ಮನಾದರು. ಸಾಹೇಬನಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನೆರಳಿನಲ್ಲಿ ಏನಿದೆಯೆಂದು ನೋಡುವ ಅಭ್ಯಾಸವೂ ಅವನಿಗಿರಲಿಲ್ಲ. ಸುತ್ತಿಗೆ ಚಾಚಿದ.

"ಗೋಡೆ ಹತ್ತಿರದ ಯಜಮಾನರು, ಇನ್ನೈದು ಸಾವಿರ!"

ಬೇಕರಿಯವನು ಏರಿಸಿದ. ಯಜಮಾನರೂ ಏರಿಸಿದರು. ಬೇಕರಿಯವನು ಮತ್ತೆ ಏರಿಸಿದ. ಯಜಮಾನರು ಬಿಟ್ಟಾರೆಯೇ? ಆಗ ಬೇಕರಿಯವನು ತಲೆ ಅಲ್ಲಾಡಿಸಿ ಕೈ ಇಳಿಸಿದ. "ಯಾರಪ್ಪಾ ಅದು, ಇವತ್ತು ನೋಡೇ ಬಿಡ್ತೀನಿ" ಎಂದು ಹಿಂದಕ್ಕೆ ತಿರುಗಿದ. ಅವನು ತಿರುಗಿದ್ದೇ ತಡ, ಅಂಗಳವೆಲ್ಲ ತಿರುಗಿತು.

ಸಾಹೇಬನೂ ನೋಡಿದ. ಗೋಡೆಯ ಹತ್ತಿರ ನಿಜವಾಗಿಯೂ ಒಬ್ಬರು ಯಜಮಾನರು ನಿಂತಿದ್ದರು. ಕುತ್ತಿಗೆಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಒಂದು ಕೋಟು. ಅವನ ಮಾವ.

ಮಾವ ದರ್ಜಿ. ಹರಾಜಿನ ಕಡೆ ಒಮ್ಮೆಯೂ ತಲೆ ಹಾಕಿದವರಲ್ಲ. ಅಳಿಯ ನಾಲ್ಕು ಜನರ ಮುಂದೆ ನಿಲ್ಲುವವನು, ಒಳ್ಳೆಯ ಕೋಟಿರಲಿ ಎಂದು ಹೊಲಿದು, ಕೊಡಲು ಬಂದಿದ್ದರು. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅಲ್ಲಿ ತಮ್ಮನ್ನು ಬಿಟ್ಟರೆ ಯಾರೂ ಇಲ್ಲ. ವೇದಿಕೆಯ ಮೇಲೆ ಬೆಪ್ಪಾಗಿ ನಿಂತಿದ್ದ ಅಳಿಯನನ್ನು ಒಂದು ಗಳಿಗೆ ನೋಡಿದರು. ಆಮೇಲೆ, ಶಾಲೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನಂತೆ, ನಿಧಾನವಾಗಿ ಕೈ ಎತ್ತಿದರು.

ಸುತ್ತಿಗೆ ಹೇಗೆ ಬಿತ್ತೋ ಸಾಹೇಬನಿಗೇ ತಿಳಿಯದು.

ಬೇಕರಿಯವನು ಓಡಿಹೋಗಿ ದರ್ಜಿಯ ಎರಡೂ ಕೈ ಹಿಡಿದುಕೊಂಡ. "ಇಷ್ಟು ವರ್ಷ ನನ್ನ ಗೋಳು ಹೊಯ್ದುಕೊಂಡ ಮಹಾನುಭಾವರು ನೀವೇನಾ! ನಿಜ ಹೇಳ್ತೀನಿ ಯಜಮಾನ್ರೇ, ನಿಮ್ಮ ಮೇಲೆ ಕೆಂಡದಂಥ ಕೋಪ ಇತ್ತು. ಮುಖ ನೋಡಿದ್ಮೇಲೆ ಹೋಯ್ತು. ಎಂಥಾ ಕಣ್ಣು ನಿಮ್ಮದು! ಒಳ್ಳೆ ಗಾಡಿ ಒಂದನ್ನೂ ಬಿಟ್ಟಿಲ್ಲ."

ಅಂಗಿಯ ಗುಂಡಿ ಅರ್ಧ ಬೆರಳು ಆಚೀಚೆಯಾದರೆ ಗಿರಾಕಿಯನ್ನು ವಾಪಸು ಕರೆದು ಹೊಲಿದುಕೊಡುವ ಮನುಷ್ಯ ನೆಲ ನೋಡುತ್ತ, "ಹೌದು, ನಾನೇ" ಎಂದರು.

ಆಫೀಸಿನಲ್ಲಿ ಇಬ್ಬರೇ ಆದಾಗ ದರ್ಜಿ ಒಳಜೇಬಿನಿಂದ ಮುಂಗಡ ತೆಗೆದು ಮೇಜಿನ ಮೇಲಿಟ್ಟರು. ಹೊಸ ಹೊಲಿಗೆ ಯಂತ್ರ ತರಲೆಂದು ಜೇಬಿಗೆ ಹಾಕಿಕೊಂಡು ಹೊರಟಿದ್ದ ದುಡ್ಡು ಅದು.

"ಮಾವ, ಇದೇನು ಮಾಡಿದ್ರಿ? ದುಡ್ಡು ಒಳಗಿಡಿ. ನೀವು ಹಿಂದೆ ಸರಿದ್ರಿ ಅಂತ ಬೇಕರಿಯವರಿಗೆ ಹೇಳ್ತೀನಿ."

"ಇನ್ನೊಂದು ಸುಳ್ಳಾ ಸಾರ್?"

ಅಳಿಯಂದ್ರೇ ಎಂದು ಬಾಯ್ತುಂಬ ಕರೆಯುತ್ತಿದ್ದವರು ಸಾರ್ ಎಂದರು. ಹೊರಗೆ ಜನರಿದ್ದಾರೆ, ಸಂಬಂಧ ತಿಳಿಯದಿರಲಿ ಎಂದು ಹಾಗೆಂದರೋ, ನಿಜಕ್ಕೂ ಅಷ್ಟು ದೂರ ಹೋದರೋ! ಸಾಹೇಬನಿಗೆ ಕೇಳುವ ಧೈರ್ಯವಾಗಲಿಲ್ಲ.

"ನೀವು ಕೈ ತೋರಿಸಿದ್ರಿ, ಅವರು ತಿರುಗಿ ನೋಡಿದ್ರು. ನಾನು ಸುಮ್ನೆ ನಿಂತಿದ್ರೆ ನನ್ನ ಮಗಳ ಗಂಡ ಅಷ್ಟು ಜನರ ಎದುರು ಸುಳ್ಳ ಆಗ್ತಿದ್ರು. ಕೈ ಎತ್ತಿದೆ. ಎತ್ತಿದ್ಮೇಲೆ ಕೊಂಡ ಹಾಗೇ." ಕೋಟಿನ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು ಹೊರಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಾರದ ಕೊನೆಗೆ ಮಾವ ಮಗಳ ಮನೆಗೆ ಊಟಕ್ಕೆ ಬಂದಾಗ ಮಗಳು ಅಪ್ಪನನ್ನು ಹಿಡಿದು ಝಾಡಿಸಿದಳು. "ಅಪ್ಪಾ, ನಿಮಗೇನು ಅರಳುಮರಳಾ? ಸೈಕಲ್ ಹತ್ತೋಕೆ ಹೆದರೋರು ಟ್ರ್ಯಾಕ್ಟರ್ ತಂದು ಅಂಗಡಿ ಮುಂದೆ ನಿಲ್ಲಿಸಿದ್ದೀರಲ್ಲ! ಕಿಟಕಿ ಪೂರ್ತಿ ಮುಚ್ಚಿಹೋಗಿದೆ. ಸೂಜಿಗೆ ದಾರ ಪೋಣಿಸೋಕೆ ಬೀದಿಗೆ ಬರ್ತೀರಂತೆ!"

"ಚಿಕ್ಕಂದಿನ ಆಸೆ ಕಣಮ್ಮ."

"ಆಸೆ ಅಂತೆ! ರೀ, ನೀವಾದ್ರೂ ಬುದ್ಧಿ ಹೇಳಬಾರದಿತ್ತಾ?"

ಸಾಹೇಬನ ಕೈಯಲ್ಲಿ ತುತ್ತು ನಿಂತಿತು. ಆಡಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಆಡಿದ್ದು ಬೇರೆ.

"ಹೇಳ್ದೆ. ಕೇಳಲಿಲ್ಲ."

ಮಾವ ತಲೆ ಎತ್ತಲಿಲ್ಲ. ಊಟ ಮುಗಿಸಿ, ಕೈ ತೊಳೆದು, ಮಗಳ ಹತ್ತಿರ ಇನ್ನಷ್ಟು ಬೈಸಿಕೊಂಡು ಹೋದರು. ಆ ಸಂಜೆಯಿಡೀ ಅಳಿಯನನ್ನು ಅವರು ಸಾರ್ ಎಂದೂ ಕರೆಯಲಿಲ್ಲ, ಅಳಿಯಂದ್ರೇ ಎಂದೂ ಕರೆಯಲಿಲ್ಲ. ಅಂಗಳದಲ್ಲಿ ಗಂಟೆಗಟ್ಟಲೆ ಅರಚಿದರೂ ದಣಿಯದ ಸಾಹೇಬ ಹಾಸಿಗೆಗೆ ಬಿದ್ದವನು ಗೋಡೆಯ ಕಡೆ ತಿರುಗಿ ಮಲಗಿದ. ತನ್ನ ಮೇಲೆ ತನಗೇ ಅಸಹ್ಯವಾಗಿತ್ತು. ಈ ಜನ್ಮದಲ್ಲಿ ಆ ಮನುಷ್ಯನ ಮುಖವನ್ನು ಹೇಗೆ ನೋಡುವುದು?

ನೋಡಬೇಕಾಗಿ ಬಂದದ್ದು ಮುಂದಿನ ಹರಾಜಿನಲ್ಲೇ. ಸಾಹೇಬ ಮಾವ ಹೊಲಿದ ಕೋಟು ತೊಟ್ಟುಕೊಂಡಿದ್ದ. ಹಾಕದಿದ್ದರೆ ಹೆಂಡತಿ ಬಿಡಬೇಕಲ್ಲ. ತೋಳು, ಬೆನ್ನು, ಹೆಗಲು ಎಲ್ಲಾ ಹೇಳಿ ಮಾಡಿಸಿದ ಹಾಗಿತ್ತು, ಅದಕ್ಕೇ ಇನ್ನಷ್ಟು ಚುಚ್ಚುತ್ತಿತ್ತು. ವೇದಿಕೆ ಹತ್ತಿ ಬಿಸಿಲಿಗೆ ಕೈ ಅಡ್ಡ ಹಿಡಿದು ಮೊದಲು ನೋಡಿದ್ದು ಗೋಡೆಯ ಕಡೆಗೆ. ಮಾವ ಅಲ್ಲೇ ನಿಂತಿದ್ದರು. ಅದೇ ಜಾಗ, ಅದೇ ಟೇಪು. ಪಕ್ಕದಲ್ಲಿ ಬೇಕರಿಯವನು ಬನ್ನಿನ ಪೊಟ್ಟಣ ಹಿಡಿದುಕೊಂಡು ಗುರುವಿನ ಹತ್ತಿರ ಬಂದ ಶಿಷ್ಯನಂತೆ ಕಿವಿಯಲ್ಲಿ ಏನೋ ಕೇಳುತ್ತಿದ್ದ. ಗೇರ್ ಯಾವುದು ಸ್ಟೀರಿಂಗ್ ಯಾವುದು ಎಂದು ತಿಳಿಯದ ದರ್ಜಿ ಹೂಂ ಹೂಂ ಎನ್ನುತ್ತಿದ್ದರು.

ಅವರು ಯಾಕೆ ಬಂದಿದ್ದಾರೆಂದು ಸಾಹೇಬನಿಗೆ ತಕ್ಷಣ ಅರ್ಥವಾಯಿತು. ತಾನು ಗೋಡೆಯ ಕಡೆ ಕೈ ತೋರಿಸಿದರೆ ಅಲ್ಲಿ ಒಬ್ಬ ಮನುಷ್ಯ ಇರಬೇಕು. ಅಷ್ಟಕ್ಕೇ ಬಂದಿದ್ದರು.

ಹಸಿರು ಬಣ್ಣದ ಹಳೇ ಗಾಡಿಯೊಂದು ಬಂತು. ಬೇಕರಿಯವನು ಕೂಗಿದ. ಇಬ್ಬರು ಮೂವರು ಏರಿಸಿ ಸುಮ್ಮನಾದರು. ಬೆಲೆ ತೀರಾ ಕಮ್ಮಿಯಲ್ಲಿ ನಿಂತುಬಿಟ್ಟಿತು. ಗಾಡಿಯ ಒಡೆಯ ಕೆಳಗಿನಿಂದ ಸಾಹೇಬನನ್ನು ದುರುಗುಟ್ಟಿ ನೋಡಿದ. ಅಭ್ಯಾಸಬಲ, ಸುತ್ತಿಗೆಯ ಕೈ ತಾನಾಗಿಯೇ ಮೇಲೆದ್ದಿತು. ಅದು ಎದ್ದಿದ್ದನ್ನು ಕಂಡ ಮಾವ, ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ಬಿಡಿಸಿಕೊಂಡರು.

ಸಾಹೇಬ ಸುತ್ತಿಗೆಯನ್ನು ಮೇಜಿಗೆ ಅಪ್ಪಳಿಸಿದ. "ಬೇಕರಿಯವರಿಗೆ!"

ಬೇಕರಿಯವನಿಗೆ ಸ್ವರ್ಗ ಸಿಕ್ಕಷ್ಟು ಸಂತೋಷವಾಯಿತು. ದರ್ಜಿಯ ಹೆಗಲ ಮೇಲೆ ಕೈ ಹಾಕಿ, "ಬೇಕಂತಲೇ ಬಿಟ್ಟುಕೊಟ್ರಿ ಅಲ್ವಾ ಯಜಮಾನ್ರೇ? ಈ ಉಪಕಾರ ಸಾಯೋವರೆಗೂ ಮರೆಯಲ್ಲ. ನಿಮ್ಮಂಥೋರು ಎಲ್ಲಿದ್ದಾರೆ!" ಎನ್ನುತ್ತಿದ್ದ. ವೇದಿಕೆಯವರೆಗೆ ಕೇಳುವಷ್ಟು ಗಟ್ಟಿಯಾಗಿತ್ತು ಅವನ ದನಿ. ದರ್ಜಿಯ ಮುಖ ಸಣ್ಣಗಾಯಿತು. ಇದಕ್ಕೂ ಏನಾದರೊಂದು ಹೇಳಬೇಕಲ್ಲ ಎಂದು ಅವರು ಸುಳ್ಳು ಹುಡುಕುತ್ತಿದ್ದರು. ಸಿಗುತ್ತಿರಲಿಲ್ಲ.

ಸಾಹೇಬನಿಂದ ಅದನ್ನು ನೋಡಲಾಗಲಿಲ್ಲ. ವೇದಿಕೆ ಇಳಿದ. ಜನ ದಾರಿ ಬಿಟ್ಟರು. ಗೋಡೆಯ ತನಕ ನಡೆದು, ಬೇಕರಿಯವನ ಎದುರೇ, ಎಲ್ಲರಿಗೂ ಕೇಳುವಂತೆ ಹೇಳಿದ.

"ಮಾವ, ಸಾಕು. ಮನೆಗೆ ಹೋಗೋಣ ಬನ್ನಿ."

ಬೇಕರಿಯವನು ನಕ್ಕ. ಆಮೇಲೆ ನಗು ನಿಂತಿತು. ಸಾಹೇಬನನ್ನು ನೋಡಿದ, ದರ್ಜಿಯನ್ನು ನೋಡಿದ, ದರ್ಜಿಯ ಹೆಗಲ ಮೇಲಿದ್ದ ಕೈಯನ್ನು ತೆಗೆದ. "ಮಾವ ಅಂದ್ರೆ? ಹಾಗಾದ್ರೆ ಇಷ್ಟು ವರ್ಷ ಇಲ್ಲಿ ಕೂಗ್ತಾ ಇದ್ದವರು?"

"ಯಾರೂ ಇರಲಿಲ್ಲ," ಎಂದ ಸಾಹೇಬ. "ಇವರು ಬಂದಿದ್ದು ಆವತ್ತೊಂದೇ ದಿನ. ಕೋಟು ಕೊಡೋಕೆ."

ಬೇಕರಿಯವನು ಬನ್ನಿನ ಪೊಟ್ಟಣವನ್ನು ಗೋಡೆಯ ಮೇಲಿಟ್ಟು, ತಾನು ಗೆದ್ದ ಹಸಿರು ಗಾಡಿಯ ಕಡೆಗೂ ನೋಡದೆ ಗೇಟಿನ ಕಡೆ ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಜನ ಕರಗಿದರು. ಸಾಹೇಬ ತಲೆ ತಗ್ಗಿಸಿ ನಿಂತೇ ಇದ್ದ.

ದರ್ಜಿ ಬಾಗಿ ನೋಡಿ, ಕೋಟಿನ ತೋಳಿನ ಅಂಚಿನಲ್ಲಿ ಎದ್ದಿದ್ದ ಒಂದು ಎಳೆಯನ್ನು ಕಿತ್ತು ಬೆರಳಿಗೆ ಸುತ್ತಿಕೊಂಡರು.

"ನಡೀರಿ ಅಳಿಯಂದ್ರೇ," ಎಂದರು. "ಮಗಳಿಗೆ ನೀವೇ ಹೇಳಬೇಕು."